ಎಲ್ಲವೂ ಸಾಪೇಕ್ಷವಂತೆ!

ಈಚಿನ ವರ್ಷಗಳಲ್ಲಿ ಯಾವ ಸಮಾರಂಭಕ್ಕೆ ಹೋದರೂ ಒಂದು ಮಾತು ಕಿವಿಗೆ ಬೀಳದೆ ಇರುವುದಿಲ್ಲ. ಶಾಲೆಯ ವಾರ್ಷಿಕೋತ್ಸವವಿರಲಿ, ಪುಸ್ತಕ ಬಿಡುಗಡೆಯಿರಲಿ, ನಿವೃತ್ತರ ಸನ್ಮಾನವಿರಲಿ, ಮುಖ್ಯ ಅತಿಥಿಗಳು ಭಾಷಣದ ನಡುವೆ ಗಂಟಲು ಸರಿಮಾಡಿಕೊಂಡು, 'ಎಲ್ಲವೂ ಸಾಪೇಕ್ಷ ಎಂದು ಐನ್‌ಸ್ಟೈನ್ ಹೇಳಿಲ್ಲವೇ?' ಎಂದು ಕೇಳುತ್ತಾರೆ. ಅಲ್ಲಿಂದ ಮುಂದೆ ಅವರ ದಾರಿ ಸಲೀಸು. ಸತ್ಯ ಸಾಪೇಕ್ಷ, ನೀತಿ ಸಾಪೇಕ್ಷ, ಬಡತನವೂ ಸಾಪೇಕ್ಷ. ಸುಂದರಿಯ ಪಕ್ಕ ಕೂತ ಒಂದು ಗಂಟೆ, ಬಿಸಿ ಒಲೆಯ ಮೇಲೆ ಕೂತ ಒಂದು ನಿಮಿಷ ಎಂಬ ಹಳೆಯ ತಮಾಷೆಯೂ ಬರುತ್ತದೆ. ಗಂಡಸರ ಸಾಲಿನಲ್ಲಿ ನಗು ಏಳುತ್ತದೆ. ಬದುಕಿನ ಅರ್ಧ ಆಯುಷ್ಯವನ್ನು ಒಲೆಯ ಮುಂದೆ ಕಳೆದವರು ನಾವು. ಹಾಲಿಟ್ಟು ನಿಂತವಳಿಗೆ ಒಂದು ನಿಮಿಷ ಎಂದರೆ ಒಂದು ನಿಮಿಷವೇ. ಬೇಸರವಾದಾಗ ಹೊತ್ತು ಹೋಗುವುದಿಲ್ಲ ಎಂಬುದನ್ನು ಕಂಡುಹಿಡಿಯಲು ಯಾವ ವಿಜ್ಞಾನಿಯೂ ಹುಟ್ಟಿಬರಬೇಕಾಗಿರಲಿಲ್ಲ.

ನನ್ನ ಸಿಟ್ಟು ತಮಾಷೆಯ ಮೇಲಲ್ಲ. ಒಂದು ಕಟ್ಟುನಿಟ್ಟಾದ ಲೆಕ್ಕವನ್ನು, ಲೆಕ್ಕ ತಪ್ಪಿಸಿಕೊಳ್ಳುವವರು ತಮ್ಮ ಗುರಾಣಿ ಮಾಡಿಕೊಂಡಿದ್ದಾರಲ್ಲ, ಅದರ ಮೇಲೆ.

'ನೀವು ಬಿ.ಎ., ಬಿ.ಎಡ್., ಸಮಾಜ ವಿಜ್ಞಾನದವರು, ನಿಮಗೇಕೆ ಸಾಪೇಕ್ಷತೆ?' ಎಂದು ಸ್ಟಾಫ್ ರೂಮಿನಲ್ಲಿ ಒಬ್ಬ ಸಹೋದ್ಯೋಗಿ ನನ್ನನ್ನು ಕೇಳಿದ್ದುಂಟು. ಆ ಪ್ರಶ್ನೆಗೆ ನನ್ನ ಉತ್ತರ ಇಷ್ಟು: 1905ರಲ್ಲಿ ಐನ್‌ಸ್ಟೈನ್ ಬರೆದ ಆ ಲೇಖನದ ಮೊದಲ ಅಧ್ಯಾಯದಲ್ಲಿ ಇರುವುದು ನಾನು ಪ್ರತಿವರ್ಷ ಮಾಡುವ ಪಾಠವೇ. ದೂರದ ಎರಡು ಊರುಗಳ ಗಡಿಯಾರಗಳನ್ನು ಒಂದಕ್ಕೊಂದು ಹೊಂದಿಸುವುದು ಹೇಗೆ? ಇದು ಭೂಗೋಳದ ಪಾಠ. ಅಕ್ಷಾಂಶ, ರೇಖಾಂಶ, ಸ್ಥಾನಿಕ ಕಾಲ, ಪ್ರಮಾಣಿತ ಕಾಲ. ಭೌತಶಾಸ್ತ್ರದ ಅಧ್ಯಾಪಕರು ಅಲ್ಲಿಗೆ ಬರುವ ಮೊದಲೇ ನಾವು ಅಲ್ಲಿದ್ದೆವು.

ಹೇಗೆಂದು ನೋಡಿ. ನಮ್ಮ ಭಾರತೀಯ ಪ್ರಮಾಣಿತ ಕಾಲ ಎಂಬುದು ಮಿರ್ಜಾಪುರದ ಬಳಿ ಹಾದುಹೋಗುವ 82½ ಡಿಗ್ರಿ ಪೂರ್ವ ರೇಖಾಂಶದ ಕಾಲ. ಒಂದು ಡಿಗ್ರಿಗೆ 4 ನಿಮಿಷ. ನಮ್ಮ ಕರಾವಳಿ ಹೆಚ್ಚುಕಡಿಮೆ 75 ಡಿಗ್ರಿಯ ಮೇಲಿದೆ. ಅಂದರೆ ನಮ್ಮ ಶಾಲೆಯ ಅಂಗಳದಲ್ಲಿ ಕೋಲು ನೆಟ್ಟರೆ ಅದರ ನೆರಳು ಅತ್ಯಂತ ಗಿಡ್ಡವಾಗುವುದು ಗಡಿಯಾರದ 12 ಗಂಟೆಗಲ್ಲ, ಸರಾಸರಿ ಹನ್ನೆರಡೂವರೆಗೆ. ನಮ್ಮ ನೆತ್ತಿಯ ಮಧ್ಯಾಹ್ನವೇ ಬೇರೆ, ಗೋಡೆಯ ಮೇಲಿನ ಮಧ್ಯಾಹ್ನವೇ ಬೇರೆ. ಇಡೀ ದೇಶಕ್ಕೆ ಒಂದೇ ಕಾಲ ಎಂದು 1906ರ ಜನವರಿ 1ರಂದು ಜಾರಿಗೆ ಬಂದಾಗ ಮುಂಬಯಿಯ ಜನ ಪ್ರತಿಭಟಿಸಿದ್ದರು. ಅಲ್ಲಿಯ ಸ್ಥಾನಿಕ ಕಾಲ ಹೊಸ ಕಾಲಕ್ಕಿಂತ 39 ನಿಮಿಷ ಹಿಂದೆ. ಆ ಊರು ತನ್ನ ಹಳೆಯ ಕಾಲವನ್ನು 1955ರವರೆಗೂ ಬಿಟ್ಟುಕೊಡಲಿಲ್ಲ. ಕಲಕತ್ತ 1948ರವರೆಗೆ ತನ್ನದೇ ಕಾಲದಲ್ಲಿತ್ತು. ಅದಕ್ಕೂ ಮುಂಚೆ ರೈಲ್ವೆಯವರು ನಡೆಸುತ್ತಿದ್ದದ್ದು ಮದರಾಸು ಕಾಲವನ್ನು.

ಈ ಪಾಠ ಮಾಡಿದಾಗ ಒಬ್ಬಿಬ್ಬರು ಮಕ್ಕಳಾದರೂ ಕೇಳುತ್ತಾರೆ: 'ಹಾಗಾದರೆ ನಿಜವಾದ ಸಮಯ ಯಾವುದು ಟೀಚರ್?' ಒಳ್ಳೆಯ ಪ್ರಶ್ನೆ. 82½ ಡಿಗ್ರಿ ಎಂಬುದು ಆಕಾಶದಿಂದ ಬಿದ್ದದ್ದಲ್ಲ. ಜನ ಕೂತು ಒಪ್ಪಿಕೊಂಡದ್ದು. ಹಾಗೆಂದು ಮಂಗಳೂರಿನಿಂದ ಹೊರಡುವ ರೈಲು ಯಾವಾಗ ಬೇಕಾದರೂ ಹೊರಡಬಹುದೇ? ಮುಂಬಯಿ ಕಾಲ ಹೇಳಿದರೆ ಅದರಿಂದ ಮದರಾಸು ಕಾಲವನ್ನು ಸೆಕೆಂಡಿಗೆ ಸರಿಯಾಗಿ ಲೆಕ್ಕ ಹಾಕಬಹುದು. ಯಾವ ಊರಿನ ಕಾಲ ಎಂದು ಹೇಳದೆ ಬರೀ 'ಹತ್ತು ಗಂಟೆ' ಎಂದವನ ಮಾತು ಅಪೂರ್ಣ. ಊರನ್ನು ಹೇಳಿದ ಮೇಲೆ ಅದರಲ್ಲಿ ಗೊಂದಲವೇ ಇಲ್ಲ. ಸಾಪೇಕ್ಷ ಎಂದರೆ ಇಷ್ಟೇ. 'ಇದು ಯಾವುದರ ಅಪೇಕ್ಷೆಯಿಂದ?' ಎಂದು ಮೊದಲು ಹೇಳು, ಆಮೇಲೆ ಕರಾರುವಾಕ್ಕಾಗಿ ಅಳೆ. ಭಾಷಣಕಾರರು ಮೊದಲ ಅರ್ಧವನ್ನೂ ಹೇಳುವುದಿಲ್ಲ, ಎರಡನೆಯ ಅರ್ಧವನ್ನಂತೂ ಕೇಳಿಯೇ ಇಲ್ಲ.

ಆದರೆ ಇದಿನ್ನೂ ಐನ್‌ಸ್ಟೈನ್ ಅಲ್ಲ. ಮುಂಬಯಿ, ಮದರಾಸುಗಳ ಜಗಳದಲ್ಲಿ ಗಡಿಯಾರದ ಮುಳ್ಳಿಗೆ ಯಾವ ಹೆಸರು ಕೊಡಬೇಕು ಎಂಬುದಷ್ಟೇ ಪ್ರಶ್ನೆ. ಅಲ್ಲೊಂದು ಇಲ್ಲೊಂದು ಘಟನೆ ಒಂದೇ ಕ್ಷಣದಲ್ಲಿ ನಡೆಯಿತೋ ಇಲ್ಲವೋ ಎಂಬ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಆ ಅನುಮಾನ ಹೇಗೆ ಬಂತು ಎಂಬುದೇ ಕತೆ.

ದೂರದ ಗಡಿಯಾರಗಳನ್ನು ಹೊಂದಿಸಲು ಇರುವುದು ಎರಡೇ ದಾರಿ. ಒಂದು, ಗಡಿಯಾರವನ್ನೇ ಹೊತ್ತುಕೊಂಡು ಹೋಗುವುದು. ಲಂಡನ್ನಿನಲ್ಲಿ ರೂತ್ ಬೆಲ್‌ವಿಲ್ ಎಂಬ ಹೆಂಗಸು ಇದನ್ನೇ ಜೀವನೋಪಾಯ ಮಾಡಿಕೊಂಡಿದ್ದಳು. ಜಾನ್ ಆರ್ನಾಲ್ಡ್ ಎಂಬ ಹೆಸರಾಂತ ಗಡಿಯಾರದವನು ಮಾಡಿದ ಒಂದು ಜೇಬುಗಡಿಯಾರವನ್ನು ಗ್ರೀನಿಚ್ ವೀಕ್ಷಣಾಲಯಕ್ಕೆ ಒಯ್ದು, ಅಲ್ಲಿ ಹೊಂದಿಸಿ, ಊರೊಳಗೆ ಅಂಗಡಿಯಿಂದ ಅಂಗಡಿಗೆ ಹೋಗಿ, ಕಾಸಿಗೆ ಸಮಯ ಮಾರುತ್ತಿದ್ದಳು. ಅಪ್ಪ 1836ರಲ್ಲಿ ಶುರುಮಾಡಿದ ಕೆಲಸ. ಅವನ ನಂತರ ಅಮ್ಮ. 1892ರಿಂದ 1940ರವರೆಗೆ ಮಗಳು. ನೂರು ವರ್ಷಕ್ಕೂ ಮಿಕ್ಕಿ ಒಂದೇ ಮನೆತನ, ಒಂದೇ ಗಡಿಯಾರ. ತಂತಿಯ ಮೂಲಕ ಸಮಯ ಕಳಿಸುವ ವ್ಯಾಪಾರ ಮಾಡುತ್ತಿದ್ದ ಸೇಂಟ್ ಜಾನ್ ವಿನ್ ಎಂಬಾತ 1908ರಲ್ಲಿ ಒಂದು ಸಭೆಯಲ್ಲಿ, ಈಕೆ ಹೆಂಗಸಾದ್ದರಿಂದ ಕೆಲಸ ಗಿಟ್ಟಿಸಿಕೊಂಡಳು ಎಂಬ ಧಾಟಿಯಲ್ಲಿ ಕುಹಕವಾಡಿದ. ಮೂವತ್ತು ನಲವತ್ತು ವರ್ಷ ಒಂದೇ ಕೆಲಸವನ್ನು ನಿಯತ್ತಿನಿಂದ ಮಾಡಿದ ಹೆಂಗಸಿಗೆ ಸಿಗುವ ಬಹುಮಾನ ಎಲ್ಲ ದೇಶದಲ್ಲೂ ಒಂದೇ, ಇದರಲ್ಲಿ ಸಾಪೇಕ್ಷತೆ ಏನೂ ಇಲ್ಲ! ಇರಲಿ.

ಹೊತ್ತು ತಿರುಗುವುದರಲ್ಲಿ ಒಂದು ತೊಡಕಿದೆ. ಒಯ್ಯುವಾಗ ಗಡಿಯಾರ ತನ್ನ ನಡಿಗೆಯನ್ನು ಬದಲಿಸಲಿಲ್ಲ ಎಂದು ಹೇಗೆ ಹೇಳುವುದು? 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬ ಇಬ್ಬರು ಅಮೆರಿಕನ್ನರು ಪರಮಾಣು ಗಡಿಯಾರಗಳನ್ನು ಸಾಮಾನ್ಯ ಪ್ರಯಾಣಿಕರ ವಿಮಾನದಲ್ಲಿ ಇಟ್ಟುಕೊಂಡು ಭೂಮಿಯನ್ನು ಸುತ್ತಿದರು, ಒಮ್ಮೆ ಪೂರ್ವಕ್ಕೆ, ಒಮ್ಮೆ ಪಶ್ಚಿಮಕ್ಕೆ. ನೆಲದ ಮೇಲೆ ಬಿಟ್ಟುಬಂದ ಗಡಿಯಾರಗಳಿಗೆ ಹೋಲಿಸಿದರೆ ಪೂರ್ವಕ್ಕೆ ಹೋದವು 59 ನ್ಯಾನೊಸೆಕೆಂಡು ಹಿಂದೆ ಬಿದ್ದಿದ್ದವು, ಪಶ್ಚಿಮಕ್ಕೆ ಹೋದವು 273 ನ್ಯಾನೊಸೆಕೆಂಡು ಮುಂದಿದ್ದವು. ಒಂದು ಸೆಕೆಂಡನ್ನು ನೂರು ಕೋಟಿ ಚೂರು ಮಾಡಿದರೆ ಒಂದು ಚೂರು ಒಂದು ನ್ಯಾನೊಸೆಕೆಂಡು. ಬೆಲ್‌ವಿಲ್‌ಳ ಗಿರಾಕಿಗಳಿಗೆ ಇದರಿಂದ ನಷ್ಟವೇನೂ ಇಲ್ಲ. ಆದರೆ ತತ್ತ್ವ ಎಂದರೆ ತತ್ತ್ವವೇ.

ಎರಡನೆಯ ದಾರಿ, ಸಂಕೇತ ಕಳಿಸುವುದು. ನಮ್ಮ ತಂದೆ ಆಕಾಶವಾಣಿಯ ವಾರ್ತೆಗೆ ಮುಂಚೆ ಬರುವ 'ಪೀಂ' ಸದ್ದಿಗೆ ಕಾದು ಕೂತು ತಮ್ಮ ಎಚ್‌ಎಂಟಿ ಗಡಿಯಾರವನ್ನು ಹೊಂದಿಸುತ್ತಿದ್ದರು. ಎಲ್ಲರ ಮನೆಯಲ್ಲೂ ಇದು ನಡೆದದ್ದೇ. ಆದರೆ ಆ ಸದ್ದು ಅಲ್ಲಿಂದ ಹೊರಟು ಇಲ್ಲಿಗೆ ಬರಲು ಒಂದಿಷ್ಟು ಹೊತ್ತು ಹಿಡಿಯುತ್ತದಲ್ಲ? ರೇಡಿಯೊ ಅಲೆಯೂ ಬೆಳಕಿನ ವೇಗದಲ್ಲೇ ಹೋಗುತ್ತದೆ, ಸೆಕೆಂಡಿಗೆ 2,99,792 ಕಿಲೋಮೀಟರು ಚಿಲ್ಲರೆ. ಸಾವಿರದೈನೂರು ಕಿಲೋಮೀಟರಿಗೆ 5 ಮಿಲಿಸೆಕೆಂಡು. 'ಅಷ್ಟನ್ನು ಕೂಡಿಸಿಕೊಂಡರಾಯಿತು' ಎನ್ನುತ್ತೀರಿ. ಕೂಡಿಸಬೇಕಾದರೆ ಹೋಗುವ ವೇಗ ಗೊತ್ತಿರಬೇಕು. ಇಲ್ಲಿಂದ ಅಲ್ಲಿಗೆ ಹೋಗುವ ವೇಗ ಅಳೆಯಬೇಕಾದರೆ ಎರಡೂ ಕಡೆ ಮೊದಲೇ ಹೊಂದಿಸಿದ ಗಡಿಯಾರ ಇರಬೇಕು. ಗಡಿಯಾರ ಹೊಂದಿಸಲು ವೇಗ ಬೇಕು, ವೇಗ ಅಳೆಯಲು ಹೊಂದಿಸಿದ ಗಡಿಯಾರ ಬೇಕು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು!

ಈ ಸಿಕ್ಕನ್ನು ಮೊದಲು ಸ್ಪಷ್ಟವಾಗಿ ಕಂಡವರಲ್ಲಿ ಫ್ರಾನ್ಸಿನ ಆನ್ರಿ ಪ್ವಾಂಕರೆ ಒಬ್ಬರು. ಅವರು ಗಣಿತಜ್ಞರಷ್ಟೇ ಅಲ್ಲ, ಪ್ಯಾರಿಸ್ಸಿನ ರೇಖಾಂಶ ಮಂಡಳಿಯ ಸದಸ್ಯರು. ತಂತಿಯಿಂದ ಗಡಿಯಾರ ಹೊಂದಿಸಿ ಊರುಗಳ ರೇಖಾಂಶ ಕಂಡುಹಿಡಿಯುವುದು ಆ ಮಂಡಳಿಯ ಕೆಲಸಗಳಲ್ಲೊಂದು. ಭೂಗೋಳದವರೇ ಎನ್ನಿ. ಎರಡು ಘಟನೆಗಳು ಏಕಕಾಲದಲ್ಲಿ ನಡೆದವು ಎಂಬುದನ್ನು ತಿಳಿಯುವ ಇಂದ್ರಿಯ ನಮಗಿಲ್ಲ, ಅದು ನಾವು ಮಾಡಿಕೊಳ್ಳುವ ಒಂದು ಒಪ್ಪಂದ ಎಂದು ಅವರು 1898ರಲ್ಲೇ ವಾದಿಸಿದರು. ಬೆಳಕಿನ ಸಂಕೇತದಿಂದ ಗಡಿಯಾರ ಹೊಂದಿಸುವುದನ್ನು 1900ರಲ್ಲಿ ವಿವರಿಸಿದರು. ಆದರೆ ಬೆಳಕನ್ನು ಹೊತ್ತೊಯ್ಯುವ 'ಈಥರ್' ಎಂಬ ಅಗೋಚರ ವಸ್ತುವನ್ನು ಕೈಬಿಡಲು ಅವರ ಮನಸ್ಸು ಒಪ್ಪಲಿಲ್ಲ.

ಕೈಬಿಟ್ಟವನು ಬರ್ನ್ ಪಟ್ಟಣದ ಪೇಟೆಂಟ್ ಕಚೇರಿಯಲ್ಲಿದ್ದ ಮೂರನೆಯ ದರ್ಜೆಯ ತಜ್ಞ, 26 ವರ್ಷದ ಹುಡುಗ. ಸ್ವಿಟ್ಜರ್‌ಲೆಂಡಿನ ಊರುಗಳ ಗಡಿಯಾರಗಳನ್ನು ವಿದ್ಯುತ್ ತಂತಿಯಿಂದ ಜೋಡಿಸುತ್ತಿದ್ದ ಕಾಲ ಅದು. ಅಂಥ ಸಾಧನಗಳ ಅರ್ಜಿಗಳು ಆ ಕಚೇರಿಗೇ ಬರುತ್ತಿದ್ದವು. ಅವನ ಲೇಖನಕ್ಕೆ 'ಸಾಪೇಕ್ಷತಾ ಸಿದ್ಧಾಂತ' ಎಂಬ ತಲೆಬರಹವೂ ಇರಲಿಲ್ಲ. ಚಲಿಸುವ ಕಾಯಗಳ ವಿದ್ಯುಚ್ಚಲನ ಶಾಸ್ತ್ರ ಎಂಬ ಒಣ ಹೆಸರು. ಬೇರೆ ಯಾವ ಗ್ರಂಥದ ಉಲ್ಲೇಖವೂ ಇಲ್ಲ, ಕೊನೆಯಲ್ಲಿ ಬೆಸ್ಸೋ ಎಂಬ ಗೆಳೆಯನಿಗೆ ಮಾತ್ರ ಕೃತಜ್ಞತೆ. ಶುರುವಿನಲ್ಲೇ ಅವನು ಕೇಳುವುದು, ರೈಲು 7 ಗಂಟೆಗೆ ಬಂತು ಎಂದರೆ ಏನರ್ಥ ಎಂದು. ನನ್ನ ಗಡಿಯಾರದ ಮುಳ್ಳು 7ಕ್ಕೆ ಬರುವುದೂ ರೈಲು ನನ್ನೆದುರು ಬರುವುದೂ ಒಟ್ಟಿಗೆ ಆಯಿತು ಎಂದರ್ಥ. ಪಕ್ಕದಲ್ಲೇ ನಡೆಯುವುದಕ್ಕೆ ಇದು ಸಾಕು. ದೂರದಲ್ಲಿ ನಡೆಯುವುದಕ್ಕೆ? ಅದಕ್ಕೆ ಅವನ ನಿಯಮ ಮೂರನೆಯ ಕ್ಲಾಸಿನ ಮಗುವಿಗೂ ತಿಳಿಯುವಂಥದು. ಇಲ್ಲಿಂದ 8 ಗಂಟೆಗೆ ಬೆಳಕು ಬಿಡು. ಅದು ಅಲ್ಲಿಯ ಕನ್ನಡಿಗೆ ತಾಗಿ 8 ಗಂಟೆ 2 ನಿಮಿಷಕ್ಕೆ ವಾಪಸು ಬಂದರೆ, ತಾಗಿದಾಗ ಅಲ್ಲಿಯ ಗಡಿಯಾರ 8 ಗಂಟೆ 1 ನಿಮಿಷ ತೋರಿಸಬೇಕು. ಹೋಗಲು ಹಿಡಿದ ಕಾಲ, ಬರಲು ಹಿಡಿದ ಕಾಲ ಎರಡೂ ಸಮ ಎಂದು ಇಟ್ಟುಕೊಳ್ಳುವುದು. 82½ ಡಿಗ್ರಿಯ ಹಾಗೆ ಇದೂ ಒಪ್ಪಂದವೇ. ಅಷ್ಟೇ ಗಟ್ಟಿ ಒಪ್ಪಂದ.

ಈ ಲೇಖನ ನಮ್ಮವರ ಕೈಗೆ ಸಿಗದ ಗುಹ್ಯವಿದ್ಯೆಯಾಗಿರಲಿಲ್ಲ. ಕಲಕತ್ತದ ಸತ್ಯೇಂದ್ರನಾಥ ಬೋಸ್ ಮತ್ತು ಮೇಘನಾದ ಸಾಹಾ ಎಂಬ ಇಬ್ಬರು ತರುಣರು ಇದನ್ನು ಜರ್ಮನ್ನಿನಿಂದ ಇಂಗ್ಲಿಷಿಗೆ ತಂದರು. 1920ರಲ್ಲಿ ಕಲಕತ್ತ ವಿಶ್ವವಿದ್ಯಾಲಯವೇ ಪ್ರಕಟಿಸಿತು. ಕನ್ನಡದಲ್ಲಿ ಜಿ. ಟಿ. ನಾರಾಯಣ ರಾಯರು ಐನ್‌ಸ್ಟೈನ್ ಮೇಲೆ ಪುಸ್ತಕವನ್ನೇ ಬರೆದಿದ್ದಾರೆ. ಓದುವುದಕ್ಕೆ ಪುರುಸೊತ್ತಿಲ್ಲದವರಿಗೆ ಭಾಷಣಕ್ಕೆ ಮಾತ್ರ ಪುರುಸೊತ್ತಿರುತ್ತದೆ.

ಈಗ ಮುಖ್ಯ ಗಂಟಿಗೆ ಬರೋಣ. ಇದಕ್ಕೆ ಐನ್‌ಸ್ಟೈನ್ ತಾನೇ ಜನಸಾಮಾನ್ಯರಿಗೆಂದು ಬರೆದ ಪುಸ್ತಕದಲ್ಲಿ ರೈಲು ಮತ್ತು ಸಿಡಿಲಿನ ಉದಾಹರಣೆ ಕೊಟ್ಟ. ನಾನು ಕ್ಲಾಸಿನಲ್ಲಿ ಅದಕ್ಕೆ ಇಬ್ಬರು ಹುಡುಗಿಯರನ್ನು ನಿಲ್ಲಿಸಿಕೊಳ್ಳುತ್ತೇನೆ. ಜಾನಕಿ ಹಳಿಯ ಪಕ್ಕದ ದಿಬ್ಬದ ಮೇಲೆ. ಫಾತಿಮಾ ಓಡುವ ರೈಲಿನ ನಟ್ಟನಡುವೆ. ಎರಡು ಸಿಡಿಲು ಬಡಿಯುತ್ತವೆ, ಒಂದು ಎಂಜಿನ್ನಿಗೆ, ಒಂದು ಕಡೆಯ ಡಬ್ಬಿಗೆ. ರೈಲಿನ ಮೇಲೂ ಹಳಿಯ ಮೇಲೂ ಸುಟ್ಟ ಗುರುತು ಉಳಿಯುತ್ತದೆ. ಜಾನಕಿಗೆ ಎರಡೂ ಮಿಂಚು ಒಟ್ಟಿಗೆ ಕಂಡವು. ಹಳಿಯ ಮೇಲಿನ ಗುರುತುಗಳಿಗೆ ಟೇಪು ಹಿಡಿದು ಅಳೆದಳು. ತಾನು ಸರಿಯಾಗಿ ಮಧ್ಯದಲ್ಲಿದ್ದೆ ಎಂದು ತಿಳಿಯಿತು. ದೂರ ಸಮ, ಬೆಳಕಿನ ವೇಗ ಸಮ, ಹಾಗಾಗಿ ಸಿಡಿಲುಗಳು ಒಟ್ಟಿಗೆ ಬಡಿದವು. ಸರಿಯಷ್ಟೆ?

ಫಾತಿಮಾ ಆ ಹೊತ್ತಿಗೆ ಮುಂದಕ್ಕೆ ಸಾಗುತ್ತಿದ್ದಾಳೆ. ಎಂಜಿನ್ನಿನ ಕಡೆಯ ಬೆಳಕಿಗೆ ಎದುರಾಗಿ, ಹಿಂದಿನ ಬೆಳಕಿನಿಂದ ದೂರಕ್ಕೆ. ಅವಳಿಗೆ ಮುಂದಿನ ಮಿಂಚು ಮೊದಲು ಕಂಡಿತು. ಇದನ್ನು ಜಾನಕಿಯೂ ಒಪ್ಪುತ್ತಾಳೆ.

ನಮ್ಮ ಬಹುಪಾಲು ಉಪನ್ಯಾಸಕರು ಇಲ್ಲಿಗೆ ನಿಲ್ಲಿಸಿ ಕೈತೊಳೆದುಕೊಳ್ಳುತ್ತಾರೆ. 'ನೋಡಿ, ಒಬ್ಬರಿಗೆ ಹಾಗೆ ಕಾಣುತ್ತದೆ, ಇನ್ನೊಬ್ಬರಿಗೆ ಹೀಗೆ ಕಾಣುತ್ತದೆ, ಎಲ್ಲ ನೋಡುವವರ ಕಣ್ಣಿನಲ್ಲಿದೆ.' ಇದು ಅಪ್ಪಟ ಅಪಪಾಠ. ಬೆಳಕು ತಡವಾಗಿ ಮುಟ್ಟಿದ್ದರಿಂದ ತಡವಾಗಿ ಕಂಡಿತು ಎಂಬುದಷ್ಟೇ ವಿಷಯವಾಗಿದ್ದರೆ ಗುಡುಗು ಮಿಂಚನ್ನು ನೋಡಿದ ಪ್ರತಿ ರೈತನೂ ಐನ್‌ಸ್ಟೈನ್ ಆಗಬೇಕಿತ್ತು. ಮಿಂಚಾಗಿ ಮೂರು ಸೆಕೆಂಡಿಗೆ ಗುಡುಗಿದರೆ ಸಿಡಿಲು ಒಂದು ಕಿಲೋಮೀಟರಿನಾಚೆ ಎಂದು ಲೆಕ್ಕ ಹಾಕುತ್ತೇವೆ. ಗುಡುಗು ಆಮೇಲೆ ಹುಟ್ಟಿತು ಎನ್ನುವುದಿಲ್ಲ. ಫಾತಿಮಾಳೂ ದಡ್ಡಿಯಲ್ಲ. ಬೆಳಕು ಬರಲು ಹಿಡಿದ ಹೊತ್ತನ್ನು ಅವಳೂ ಕಳೆಯುತ್ತಾಳೆ. ಕಳೆದ ಮೇಲೂ ವ್ಯತ್ಯಾಸ ಉಳಿಯುತ್ತದೆ, ಅದೇ ವಿಷಯ.

ಹೇಗೆಂದರೆ, ರೈಲಿನ ಮೇಲೂ ಸುಟ್ಟ ಗುರುತುಗಳಿವೆ. ಒಂದು ಎಂಜಿನ್ನಿನ ಮೂತಿಯಲ್ಲಿ, ಒಂದು ಕಡೆಯ ಡಬ್ಬಿಯ ಬಾಲದಲ್ಲಿ. ಫಾತಿಮಾ ತನ್ನ ಸೀಟಿನಿಂದ ಎರಡು ಕಡೆಗೂ ಅಳೆಯುತ್ತಾಳೆ, ದೂರ ಸಮವೇ. ಬೆಳಕು ಶಬ್ದದಂತೆ ಗಾಳಿಯಲ್ಲಿ ತೇಲಿ ಬರುವ ವಸ್ತುವಾಗಿದ್ದರೆ, 'ನನಗೆ ಎದುರು ಗಾಳಿಯಿತ್ತು, ಹಾಗಾಗಿ ಮುಂದಿನದು ಬೇಗ ಬಂತು' ಎಂದು ಸರಿಪಡಿಸಿಕೊಂಡು ಜಾನಕಿಯ ಜೊತೆ ರಾಜಿಯಾಗುತ್ತಿದ್ದಳು. ಆದರೆ ಬೆಳಕಿಗೆ ಅಂಥ ಗಾಳಿ ಇಲ್ಲ. ಮೈಕಲ್‌ಸನ್ ಮತ್ತು ಮಾರ್ಲೆ 1887ರಲ್ಲಿ ಅದನ್ನು ಹುಡುಕಿ ಕೈಚೆಲ್ಲಿದರು. ದಿಬ್ಬದ ಮೇಲಿರಲಿ, ರೈಲಿನಲ್ಲಿರಲಿ, ಬೆಳಕಿನ ವೇಗ ಎಲ್ಲ ದಿಕ್ಕಿಗೂ ಅದೇ. ದೂರ ಸಮ, ವೇಗ ಸಮ, ಆದರೆ ಮುಂದಿನದು ಮೊದಲು ಬಂತು. ಹಾಗಾದರೆ ಮುಂದಿನ ಸಿಡಿಲೇ ಮೊದಲು ಬಡಿಯಿತು. ಫಾತಿಮಾಳ ಲೆಕ್ಕದಲ್ಲಿ ಎಲ್ಲಿ ತಪ್ಪಿದೆ, ತೋರಿಸಿ ನೋಡೋಣ? ಜಾನಕಿಯ ಲೆಕ್ಕದಲ್ಲಿ? ಎರಡರಲ್ಲೂ ಇಲ್ಲ. ಇಬ್ಬರೂ ಒಂದೇ ನಿಯಮವನ್ನು ಅಷ್ಟೇ ಕಟ್ಟುನಿಟ್ಟಾಗಿ ಪಾಲಿಸಿದ್ದಾರೆ. ದೂರದೂರದ ಎರಡು ಘಟನೆ 'ಏಕಕಾಲದಲ್ಲಿ' ನಡೆಯಿತು ಎಂಬ ಮಾತು ಜಾನಕಿಯ ಗಡಿಯಾರಗಳಿಗೆ ಒಂದು, ಫಾತಿಮಾಳ ಗಡಿಯಾರಗಳಿಗೆ ಇನ್ನೊಂದು. ಎರಡರ ನಡುವೆ ಎಷ್ಟು ಅಂತರ ಎಂಬುದನ್ನು ರೈಲಿನ ವೇಗ, ಉದ್ದ ಕೊಟ್ಟರೆ ಯಾರು ಬೇಕಾದರೂ ಲೆಕ್ಕ ಹಾಕಬಹುದು. ಅರ್ಧ ಕಿಲೋಮೀಟರು ಉದ್ದದ ರೈಲು ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಓಡಿದರೆ, ಸೆಕೆಂಡನ್ನು ಲಕ್ಷ ಕೋಟಿ ಚೂರು ಮಾಡಿದಾಗ ಬರುವ ಒಂದು ಚೂರಿಗಿಂತಲೂ ಆ ಅಂತರ ಕಡಿಮೆ. ಹಾಗಾಗಿ ನಾವ್ಯಾರೂ ಅದನ್ನು ಕಂಡಿಲ್ಲ.

ಆದರೆ ದೂರ ಹೆಚ್ಚಿದಂತೆ ಅಂತರವೂ ಬೆಳೆಯುತ್ತದೆ. ಆಂಡ್ರೊಮಿಡಾ ಎಂಬ ನೆರೆಯ ಗೆಲಾಕ್ಸಿ ನಮ್ಮಿಂದ ಸುಮಾರು 25 ಲಕ್ಷ ಬೆಳಕಿನ ವರ್ಷ ದೂರ. ಅಂಗಳದಲ್ಲಿ ಸುಮ್ಮನೆ ನಿಂತವಳ 'ಈಗ' ಮತ್ತು ಅವಳ ಪಕ್ಕದಿಂದ ಆ ದಿಕ್ಕಿಗೆ ಸೆಕೆಂಡಿಗೆ ಒಂದು ಮೀಟರಿನಂತೆ ನಿಧಾನ ನಡೆದು ಹೋಗುವವಳ 'ಈಗ', ಆಂಡ್ರೊಮಿಡಾದಲ್ಲಿ ಸುಮಾರು ಮೂರು ದಿನದಷ್ಟು ಬೇರೆಯಾಗುತ್ತವೆ. ನಡೆಯುವವಳ ಈಗ ಮೂರು ದಿನ ಮುಂದೆ. ನಡಿಗೆ ನಿಲ್ಲಿಸಿದರೆ ಮತ್ತೆ ಹಿಂದೆ. ಇದನ್ನು ಹೇಳಿದಾಗ ಮಕ್ಕಳ ಕಣ್ಣು ಅಗಲವಾಗುವುದನ್ನು ನೋಡಬೇಕು. ಯಾವ ಮಂತ್ರಮಾಯವೂ ಇಲ್ಲದೆ, ಬರೀ ಭಾಗಾಕಾರ ಗುಣಾಕಾರದಿಂದ ಬಂದ ಉತ್ತರ ಇದು.

ಭಾಷಣಕಾರರು ಎಂದೂ ಹೇಳದ ಭಾಗಕ್ಕೆ ಈಗ ಬರುತ್ತೇನೆ. ಎಲ್ಲ ಘಟನೆಗಳ ಹಿಂದುಮುಂದು ಹೀಗೆ ಬದಲಾಗುವುದಿಲ್ಲ. ಒಂದು ಘಟನೆಯಿಂದ ಹೊರಟ ಬೆಳಕು, ಇನ್ನೊಂದು ಘಟನೆ ನಡೆಯುವುದಕ್ಕೆ ಮುಂಚೆ ಆ ಜಾಗವನ್ನು ಮುಟ್ಟಬಲ್ಲದಾದರೆ, ಮೊದಲನೆಯದು ಎಲ್ಲರಿಗೂ ಮೊದಲನೆಯದೇ. ಜಾನಕಿಗೂ, ಫಾತಿಮಾಗೂ, ರಾಕೆಟ್ಟಿನಲ್ಲಿ ಕೂತವರಿಗೂ. ಕಾರಣ ಹಿಂದೆ, ಕಾರ್ಯ ಮುಂದೆ. ಈ ಕ್ರಮವನ್ನು ಕದಲಿಸುವ ವೇಗ ಯಾವ ವಾಹನಕ್ಕೂ ಇಲ್ಲ. 1908ರಲ್ಲಿ ಮಿಂಕೋವ್‌ಸ್ಕಿ ತೋರಿಸಿದ ಹಾಗೆ, ದೂರ ಬೇರೆ ಕಾಲ ಬೇರೆಯಾಗಿ ಕಂಡರೂ ಎರಡನ್ನೂ ಸೇರಿಸಿ ಹಾಕಿದ ಒಂದು ಲೆಕ್ಕ ಎಲ್ಲರಿಗೂ ಒಂದೇ ಬರುತ್ತದೆ. ಬದಲಾಗದೆ ಉಳಿಯುವುದನ್ನು ಹುಡುಕಿದ ಶಾಸ್ತ್ರಕ್ಕೆ 'ಎಲ್ಲ ಬದಲಾಗುತ್ತದೆ' ಎಂಬ ಹಣೆಪಟ್ಟಿ ಅಂಟಿದ್ದು ಅದರ ದುರದೃಷ್ಟ.

ಇದು ಬರೀ ಪುಸ್ತಕದ ಜಗಳವಲ್ಲ ಎಂಬುದಕ್ಕೆ ಒಂದು ಸಂಗತಿ ಹೇಳುತ್ತೇನೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಶಾಲೆಯಲ್ಲಿ ಮಕ್ಕಳಿಗೆ ಸಮವಸ್ತ್ರದ ಬಟ್ಟೆ ಹಂಚಿದ ದಾಖಲೆ ಪುಸ್ತಕವಿತ್ತು. ತಾಯಂದಿರು 'ಬಟ್ಟೆ ಪಡೆದಿದ್ದೇವೆ' ಎಂದು ಹೆಬ್ಬೆಟ್ಟು ಒತ್ತಿದ್ದು ಜುಲೈ ತಿಂಗಳಲ್ಲಿ. ಬಟ್ಟೆಯ ಗಂಟು ಶಾಲೆಯ ಕೋಣೆಗೆ ಬಂದದ್ದು ನವೆಂಬರಿನಲ್ಲಿ. ನಡುವಿನ ಮಳೆಗಾಲವನ್ನೆಲ್ಲ ಆ ಮಕ್ಕಳು, ಮುಖ್ಯವಾಗಿ ದೊಡ್ಡ ಹೆಣ್ಣುಮಕ್ಕಳು, ಹೋದ ವರ್ಷದ ಗಿಡ್ಡ ಲಂಗದಲ್ಲಿ ನೆನೆಯುತ್ತಾ ಕಳೆದರು. ಬಂದ ಗಂಟಿನಲ್ಲೂ ಹೆಬ್ಬೆಟ್ಟಿನಷ್ಟು ಬಟ್ಟೆ ಇರಲಿಲ್ಲ. ಸಭೆಯಲ್ಲಿ ನಾನು ಕೇಳಿದ್ದು ಒಂದೇ: ಪಡೆದದ್ದು ಮೊದಲೋ, ಒತ್ತಿದ್ದು ಮೊದಲೋ? ಅಲ್ಲಿದ್ದ ಒಬ್ಬ ಗಣ್ಯರು ಚಹಾದ ಲೋಟ ಕೆಳಗಿಟ್ಟು, 'ಟೀಚರೇ, ಮೊದಲು ಆಮೇಲೆ ಎಲ್ಲ ಸಾಪೇಕ್ಷ, ಕಾಲವೇ ಭ್ರಮೆ ಎಂದು ಐನ್‌ಸ್ಟೈನೇ ಹೇಳಿದ್ದಾನಲ್ಲ' ಎಂದರು. ಎಲ್ಲರೂ ನಕ್ಕರು. ವಿಷಯ ಮುಗಿಯಿತು.

ಆ ನಗುವಿಗೆ ಉತ್ತರ ಈಗ ಕೊಡುತ್ತೇನೆ. ಒಂದೇ ಶಾಲೆ, ಒಂದೇ ಕೋಣೆ, ಒಂದೇ ಮೇಜು. ನಡುವೆ ನಾಲ್ಕು ತಿಂಗಳು. ಆ ನಾಲ್ಕು ತಿಂಗಳಲ್ಲಿ ಬೆಳಕು ಸೌರಮಂಡಲದ ಗ್ರಹಗಳನ್ನೆಲ್ಲ ದಾಟಿ ಎಷ್ಟೋ ಆಚೆ ಹೋಗಿರುತ್ತದೆ. ಐನ್‌ಸ್ಟೈನನ ಸಿದ್ಧಾಂತದ ಪ್ರಕಾರ ಈ ಎರಡು ಘಟನೆಗಳ ಹಿಂದುಮುಂದನ್ನು ಬದಲಿಸಬಲ್ಲ ರೈಲೂ ಇಲ್ಲ, ರಾಕೆಟ್ಟೂ ಇಲ್ಲ, ಸಮಿತಿಯೂ ಇಲ್ಲ. ಹೆಬ್ಬೆಟ್ಟು ಮೊದಲು, ಬಟ್ಟೆ ಆಮೇಲೆ. ಸಾಪೇಕ್ಷತೆ ಸಾಕ್ಷಿ ಹೇಳಲು ಬಂದರೆ ಅದು ಆ ತಾಯಂದಿರ ಕಡೆಯ ಸಾಕ್ಷಿ.

ಇನ್ನೊಂದು ಬಣವಿದೆ. 'ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು' ಎನ್ನುವವರು. ಅವರು ಕೊಡುವ ಸಾಕ್ಷಿ ಭಾಗವತದ ಒಂಬತ್ತನೆಯ ಸ್ಕಂಧದ ರೇವತಿಯ ಕತೆ. ಕಕುದ್ಮಿ ರಾಜ ಮಗಳಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋಗುತ್ತಾನೆ, ಗಂಧರ್ವರ ಸಂಗೀತ ನಡೆಯುತ್ತಿದ್ದುದರಿಂದ ಕ್ಷಣಕಾಲ ಕಾಯುತ್ತಾನೆ, ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗಗಳು ಕಳೆದಿರುತ್ತವೆ. ಅವನ ಪಟ್ಟಿಯಲ್ಲಿದ್ದ ವರಗಳ ವಂಶದ ಹೆಸರೂ ಉಳಿದಿರುವುದಿಲ್ಲ. ನನಗೆ ಬಹಳ ಪ್ರಿಯವಾದ ಕತೆ. ಕ್ಲಾಸಿನಲ್ಲಿ ಹೇಳುತ್ತೇನೆ, ಮಕ್ಕಳು ಬಾಯಿಬಿಟ್ಟುಕೊಂಡು ಕೇಳುತ್ತಾರೆ. ಆದರೆ ಆ ಕತೆಯಲ್ಲಿ ಎಷ್ಟು ಕಾಲ ಕಳೆಯಿತು ಎಂದು ಹೇಳುವವನು ಬ್ರಹ್ಮ. ಕಕುದ್ಮಿ ತಲೆಬಾಗಿ ಕೇಳಿಕೊಂಡು ಬರುತ್ತಾನೆ. ಅಲ್ಲಿಯ ಗಡಿಯಾರವನ್ನೂ ಇಲ್ಲಿಯದನ್ನೂ ಹೋಲಿಸುವುದು ಹೇಗೆ ಎಂದು ಅವನು ಕೇಳುವುದಿಲ್ಲ, ಕತೆಗೆ ಅದು ಬೇಕಾಗಿಯೂ ಇಲ್ಲ. ಪೇಟೆಂಟ್ ಕಚೇರಿಯ ಗುಮಾಸ್ತ ಮಾಡಿದ್ದು ಬ್ರಹ್ಮನ ಗಡಿಯಾರವನ್ನೇ ಗೋಡೆಯಿಂದ ಇಳಿಸುವ ಕೆಲಸ. ಎಲ್ಲೆಡೆಗೂ ಸಲ್ಲುವ ಒಂದು ಮಹಾ ಗಡಿಯಾರ ಇಲ್ಲ, ಇರುವುದೆಲ್ಲ ನಾವು ನಾವೇ ಸಂಕೇತ ಕಳಿಸಿ ಹೊಂದಿಸಿಕೊಂಡ ಗಡಿಯಾರಗಳು ಎಂದ. ಎರಡನ್ನೂ ಒಂದೇ ಎನ್ನುವವರು ಕತೆಗೂ ಅನ್ಯಾಯ ಮಾಡುತ್ತಾರೆ, ಶಾಸ್ತ್ರಕ್ಕೂ.

ನಮ್ಮ ಹೆಮ್ಮೆ ಬೇಕಿದ್ದರೆ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿಗೆ ಹೋಗಿ. ಇಸ್ರೋದವರ ನಾವಿಕ್ ಉಪಗ್ರಹಗಳಿಗೆ ಕಾಲ ಕೊಡುವ ಕೇಂದ್ರ ಅಲ್ಲಿದೆ. ಮೊದಲ ಉಪಗ್ರಹಗಳಲ್ಲಿ ಹೊರಗಿನಿಂದ ತರಿಸಿದ ಪರಮಾಣು ಗಡಿಯಾರಗಳಿದ್ದವು, ಕೆಲವು ಕೆಟ್ಟೂಹೋದವು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ನಾವೇ ಮಾಡಿದ ಪರಮಾಣು ಗಡಿಯಾರ ಹೋಯಿತು. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ ಹೋಗುವುದು 30 ಸೆಂಟಿಮೀಟರು, ಮಕ್ಕಳ ಅಡಿಪಟ್ಟಿಯಷ್ಟು. ಗಡಿಯಾರ ಅಷ್ಟು ತಪ್ಪಿದರೆ ಜಾಗವೂ ಅಷ್ಟು ತಪ್ಪುತ್ತದೆ. ಅಮೆರಿಕದ ಜಿಪಿಎಸ್ ಉಪಗ್ರಹಗಳ ಗಡಿಯಾರ ದಿನಕ್ಕೆ 38 ಮೈಕ್ರೊಸೆಕೆಂಡು ಮುಂದೆ ಓಡುತ್ತದೆ. ವೇಗದಿಂದ 7 ಹಿಂದೆ, ಮೇಲೆ ಗುರುತ್ವ ಕಡಿಮೆಯಿರುವುದರಿಂದ 45 ಮುಂದೆ. ಸರಿಪಡಿಸದೆ ಬಿಟ್ಟರೆ ಒಂದೇ ದಿನದಲ್ಲಿ 11 ಕಿಲೋಮೀಟರಿನಷ್ಟು ಲೆಕ್ಕ ಕೆಡುತ್ತದೆ. ಮಲ್ಪೆಯಿಂದ ಹೊರಡುವ ದೋಣಿಯಲ್ಲಿರುವ ಜಿಪಿಎಸ್ ಪೆಟ್ಟಿಗೆಯ ಹಿಂದೆ ಈ ಲೆಕ್ಕವಿದೆ. ಸಾಪೇಕ್ಷ ಎಂದರೆ ಏನೋ ಒಂದು ಎಂದು ಅಲ್ಲಿಯ ಎಂಜಿನಿಯರುಗಳು ಸುಮ್ಮನಾಗಿದ್ದರೆ ದೋಣಿ ದಡ ಸೇರುತ್ತಿತ್ತೇ?

ಅವರ ಮುಂದೆಯೂ ನಮ್ಮ ಭೂಗೋಳದ ಪ್ರಶ್ನೆಯೇ ಇದೆ, ಮತ್ತೂ ಸೊಗಸಾದ ರೂಪದಲ್ಲಿ. ಸಮಭಾಜಕ ವೃತ್ತದ ಉದ್ದಕ್ಕೂ ಗಡಿಯಾರಗಳನ್ನು ಸಾಲಾಗಿ ಇಟ್ಟು, ಒಂದರಿಂದ ಪಕ್ಕದ್ದಕ್ಕೆ ಬೆಳಕು ಬಿಟ್ಟು, ಐನ್‌ಸ್ಟೈನನ ನಿಯಮದಂತೆಯೇ ಹೊಂದಿಸುತ್ತಾ ಪೂರ್ವಕ್ಕೆ ಹೋಗೋಣ. ಭೂಮಿಯನ್ನು ಸುತ್ತಿ ಹೊರಟಲ್ಲಿಗೇ ಬಂದಾಗ ಕಡೆಯ ಗಡಿಯಾರ ಮೊದಲನೆಯದಕ್ಕೆ ಹೊಂದುವುದಿಲ್ಲ. 207 ನ್ಯಾನೊಸೆಕೆಂಡು ವ್ಯತ್ಯಾಸ. ಯಾರೂ ತಪ್ಪು ಮಾಡಿಲ್ಲ. ಭೂಮಿ ತಿರುಗುತ್ತಿದೆ, ಹಾಗಾಗಿ ಒಂದೊಂದು ಊರಿನ ಏಕಕಾಲ ಪಕ್ಕದ ಊರಿನದಕ್ಕಿಂತ ಕೂದಲೆಳೆಯಷ್ಟು ಓರೆಯಾಗಿದೆ, ಆ ಓರೆಗಳೆಲ್ಲ ಕೂಡಿ 207 ಆಗುತ್ತದೆ. ದೂರದಲ್ಲಿ ಹೇಳಿದರೆ ಸುಮಾರು 62 ಮೀಟರು. ಅದಕ್ಕೆ ಜಿಪಿಎಸ್ ಕಟ್ಟಿದವರು, ಭೂಮಿಯ ಜೊತೆ ತಿರುಗದೆ ಅದರ ಕೇಂದ್ರದಲ್ಲಿ ನಿಂತು ನೋಡುವವನ ಏಕಕಾಲವನ್ನು ಎಲ್ಲ ಗಡಿಯಾರಕ್ಕೂ ಇಟ್ಟುಕೊಂಡರು. ಮಿರ್ಜಾಪುರದ ರೇಖೆಯನ್ನು ನಾವು ಒಪ್ಪಿಕೊಂಡ ಹಾಗೆ.

ಈ ವರ್ಷ ನಮ್ಮ ಹತ್ತನೆಯ ತರಗತಿಯ ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗುವವಳಿದ್ದೇನೆ. ಈ ತುದಿಯಲ್ಲಿ ಒಬ್ಬಳು, 170 ಮೀಟರಿನಾಚೆ ಆ ತುದಿಯಲ್ಲಿ ಇನ್ನೊಬ್ಬಳು, ಇಬ್ಬರ ಕೈಯಲ್ಲೂ ಗಡಿಯಾರ, ಒಂದು ಸೀಟಿ. ಸದ್ದು ಅಲ್ಲಿಗೆ ಮುಟ್ಟಲು ಅರ್ಧ ಸೆಕೆಂಡು. ಗಾಳಿ ಬೀಸದ ದಿನ ಒಮ್ಮೆ, ಕಡಲ ಗಾಳಿ ಜೋರಾಗಿ ಬೀಸುವ ಮಧ್ಯಾಹ್ನ ಒಮ್ಮೆ. ಗಾಳಿ ಇದ್ದಾಗ ಲೆಕ್ಕ ಹೇಗೆ ಬದಲಾಗಬೇಕು ಎಂದು ಅವರೇ ಬರೆಯಲಿ. ಆಮೇಲೆ, ಬೆಳಕಿಗೆ ಗಾಳಿಯೇ ಇಲ್ಲ, ಈಗ ಏನು ಮಾಡುತ್ತೀರಿ ಎಂದು ಕೇಳಿ, ನಾನು ಸುಮ್ಮನೆ ಕೂತುಕೊಳ್ಳುತ್ತೇನೆ. ಸೀಟಿಯನ್ನು ದೈಹಿಕ ಶಿಕ್ಷಣದ ಮೇಷ್ಟರು ಕೊಡುತ್ತೇನೆಂದಿದ್ದಾರೆ.